ಬಿಸಿನೀರಿನ ತಾಪನ ಸುತ್ತು: ಸಿಕ್ಕಿಬಿದ್ದ ಗಾಳಿ ಮತ್ತು ಅದರ ನಿವಾರಣೆ

ಬಾಯ್ಲರಿನಲ್ಲಿ ಕಾಯಿಸಿದ ನೀರನ್ನು ಪೈಪುಗಳ ಮೂಲಕ ಕೋಣೆಕೋಣೆಗೂ ಹರಿಸಿ ಮನೆಯನ್ನು ಬೆಚ್ಚಗಿಡುವ ಪದ್ಧತಿ ಬ್ರಿಟನ್, ಜರ್ಮನಿ, ನೆದರ್ಲೆಂಡ್ಸ್, ರಷ್ಯಾ, ಕೊರಿಯಾ ಹಾಗೂ ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ವ್ಯಾಪಕವಾಗಿದೆ. ನೀರು ರೇಡಿಯೇಟರಿನಲ್ಲೋ, ಗೋಡೆಯ ಬುಡದ ರೆಕ್ಕೆ ಜೋಡಿಸಿದ ಪೈಪಿನಲ್ಲೋ, ನೆಲದಡಿಯ ಸುರುಳಿಯಲ್ಲೋ ತನ್ನ ಶಾಖವನ್ನು ಬಿಟ್ಟು ತಣಿದು ಬಾಯ್ಲರಿಗೆ ಮರಳುತ್ತದೆ. ಒಮ್ಮೆ ತುಂಬಿದ ನೀರೇ ವರ್ಷಗಟ್ಟಲೆ ಸುತ್ತುತ್ತಿರಬೇಕು. ಈ ಸುತ್ತಿನಲ್ಲಿ ಸೇರಿಕೊಂಡ ಗಾಳಿ ಹರಿವನ್ನು ತಡೆಯುತ್ತದೆ, ಗುಳುಗುಳು ಸದ್ದು ಮಾಡುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಅದನ್ನು ಹೊರಹಾಕುವುದು ಬಹುಪಾಲು ಮನೆಯವರೇ ಮಾಡಿಕೊಳ್ಳಬಹುದಾದ ಕೆಲಸ. ಆದರೆ ಹೊರಹಾಕಿದ ಗಾಳಿ ಮತ್ತೆ ಸೇರುತ್ತಿದ್ದರೆ ಅದು ಎಲ್ಲಿಂದ ಬರುತ್ತಿದೆ ಎಂದು ಹುಡುಕಲೇಬೇಕು. ಹುಡುಕದೆ ಪ್ರತಿ ಚಳಿಗಾಲವೂ ಗಾಳಿ ಬಿಟ್ಟು ನೀರು ತುಂಬುತ್ತಾ ಹೋದವರ ಬಾಯ್ಲರು ಬೇಗ ಹಾಳಾಗುತ್ತದೆ.

ನೀರಿನೊಳಗಿನ ಗಾಳಿ

ನಲ್ಲಿಯಿಂದ ಬರುವ ತಣ್ಣೀರು ಬರಿಯ ನೀರಲ್ಲ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸಾಮಾನ್ಯ ವಾಯುಭಾರದಲ್ಲಿ, ಒಂದು ಲೀಟರ್ ನೀರು ಸುಮಾರು 19 ಮಿಲಿಲೀಟರ್ ಗಾಳಿಯನ್ನು ಕರಗಿಸಿಕೊಂಡಿರಬಲ್ಲದು. ನೂರು ಲೀಟರ್ ಹಿಡಿಯುವ ಮನೆಯ ಸುತ್ತಿನಲ್ಲಿ ಹೀಗೆ ಕಣ್ಣಿಗೆ ಕಾಣದ ಗಾಳಿಯೇ ಎರಡು ಲೀಟರಿನಷ್ಟಾಗುತ್ತದೆ. ಆಮ್ಲಜನಕವು ಸಾರಜನಕಕ್ಕಿಂತ ಹೆಚ್ಚು ಸುಲಭವಾಗಿ ನೀರಿನಲ್ಲಿ ಕರಗುವುದರಿಂದ, ವಾತಾವರಣದಲ್ಲಿ ಶೇ. 21ರಷ್ಟಿರುವ ಅದರ ಪಾಲು ಕರಗಿದ ಗಾಳಿಯಲ್ಲಿ ಮೂರನೆಯ ಒಂದಂಶಕ್ಕೂ ತುಸು ಹೆಚ್ಚಾಗುತ್ತದೆ. ತುಕ್ಕಿನ ದೃಷ್ಟಿಯಿಂದ ಈ ವ್ಯತ್ಯಾಸ ಮಹತ್ವದ್ದು.

ಒಂದು ದ್ರವದಲ್ಲಿ ಕರಗುವ ಅನಿಲದ ಪ್ರಮಾಣ ಆ ಅನಿಲದ ಒತ್ತಡಕ್ಕೆ ಅನುಪಾತದಲ್ಲಿರುತ್ತದೆ ಎಂದು ಮ್ಯಾಂಚೆಸ್ಟರಿನ ರಸಾಯನಶಾಸ್ತ್ರಜ್ಞ ವಿಲಿಯಂ ಹೆನ್ರಿ 1803ರಲ್ಲಿ ತೋರಿಸಿಕೊಟ್ಟ. ಒತ್ತಡ ಇಳಿದರೆ ಗಾಳಿ ಹೊರಬರುತ್ತದೆ. ನೀರು ಬಿಸಿಯಾದರೂ ಹೊರಬರುತ್ತದೆ. ಒಲೆಯ ಮೇಲಿಟ್ಟ ನೀರು ಕುದಿಯುವುದಕ್ಕೆ ಬಹಳ ಮೊದಲೇ ಪಾತ್ರೆಯ ಒಳಮೈಗೆ ಅಂಟಿಕೊಳ್ಳುವ ಸಣ್ಣ ಗುಳ್ಳೆಗಳು ಈ ಗಾಳಿಯೇ. ಬಾಯ್ಲರಿನ ಒಳಗೋಡೆಯ ಮೇಲೂ ಇದೇ ನಡೆಯುತ್ತದೆ: ಅಲ್ಲಿ ಹುಟ್ಟಿದ ಸೂಕ್ಷ್ಮ ಗುಳ್ಳೆಗಳು ನೀರಿನೊಡನೆ ಸಾಗಿ, ಒತ್ತಡ ಕಡಿಮೆಯಿರುವ ಮೇಲಂತಸ್ತಿನಲ್ಲಿ ಒಂದಕ್ಕೊಂದು ಕೂಡಿಕೊಂಡು ದೊಡ್ಡವಾಗುತ್ತವೆ. ಹೊಸದಾಗಿ ನೀರು ತುಂಬಿದ ಮನೆಯಲ್ಲಿ ಮೊದಲ ದಿನ ಗಾಳಿಯೆಲ್ಲ ಬಿಟ್ಟು ಮುಗಿಸಿದರೂ ಮುಂದಿನ ಕೆಲವು ದಿನ ಮತ್ತೆ ಮತ್ತೆ ಗಾಳಿ ಕಾಣಿಸುವುದು ಇದರಿಂದ. ಅದರ ಬಗ್ಗೆ ಗಾಬರಿಪಡಬೇಕಿಲ್ಲ.

ಹರಿವು ನಿಲ್ಲುವ ಬಗೆ

ಪೂರ್ತಿ ನೀರು ತುಂಬಿದ ಸುತ್ತಿನಲ್ಲಿ ಮೇಲೇರುವ ಪೈಪಿನ ನೀರಿನ ಭಾರವೂ ಕೆಳಗಿಳಿಯುವ ಪೈಪಿನ ನೀರಿನ ಭಾರವೂ ಸರಿಹೊಂದುತ್ತವೆ, ರಾಟೆಯ ಹಗ್ಗದ ಎರಡೂ ತುದಿಗೆ ಸಮತೂಕದ ಕೊಡ ಕಟ್ಟಿದ ಹಾಗೆ. ಪಂಪು ಜಯಿಸಬೇಕಾದದ್ದು ಪೈಪಿನ ಘರ್ಷಣೆಯನ್ನು ಮಾತ್ರ. ಮೂರಂತಸ್ತಿನ ಮನೆಗೂ ಕೈಯಗಲದ ಒಂದು ಪಂಪು ಸಾಕಾಗುವ ಗುಟ್ಟು ಇಷ್ಟೇ. ಮನೆಗಳಲ್ಲಿ ಬಳಸುವ ಪಂಪುಗಳು ನೀರನ್ನು ಎತ್ತಬಲ್ಲ ಗರಿಷ್ಠ ಎತ್ತರ ಸಾಮಾನ್ಯವಾಗಿ 3ರಿಂದ 6 ಮೀಟರ್.

ಈಗ ಇಳಿಯುವ ಪೈಪಿನ ಮೇಲ್ಭಾಗದಲ್ಲಿ ಎರಡು ಮೀಟರ್ ಉದ್ದ ಗಾಳಿ ಕೂತಿದೆ ಎನ್ನೋಣ. ಆ ಬದಿಯ ಭಾರ ಅಷ್ಟು ಕಡಿಮೆಯಾಯಿತು. ಸಮತೋಲ ತಪ್ಪಿದ್ದರಿಂದ ಪಂಪು ಎರಡು ಮೀಟರ್ ನೀರನ್ನು ನಿಜವಾಗಿಯೂ ಎತ್ತಬೇಕಾಗುತ್ತದೆ. ಇಂಥ ಎರಡು ಮೂರು ಗಾಳಿಕಟ್ಟುಗಳು ಒಂದೇ ಸುತ್ತಿನಲ್ಲಿದ್ದರೆ ಅವುಗಳ ಎತ್ತರಗಳು ಕೂಡಿಕೊಳ್ಳುತ್ತವೆ. ಪಂಪು ತಿರುಗುತ್ತಲೇ ಇರುತ್ತದೆ, ನೀರು ಮಾತ್ರ ಅಲ್ಲಾಡುವುದಿಲ್ಲ. ಪಂಪು ಕೆಟ್ಟಿದೆಯೆಂದು ತಿಳಿದು ಬದಲಾಯಿಸಿದರೂ ಕೋಣೆ ತಣ್ಣಗೇ ಉಳಿಯುವ ಪ್ರಸಂಗಗಳ ಹಿಂದೆ ಹೆಚ್ಚಾಗಿ ಈ ಲೆಕ್ಕ ಇರುತ್ತದೆ. ಗಾಳಿ ಪಂಪಿನೊಳಗೇ ಸೇರಿದರೆ ಚಕ್ರ ನೀರಿಲ್ಲದೆ ತಿರುಗಿ ಬೇರಿಂಗ್ ಸವೆಯುತ್ತದೆ.

ಹರಿಯುವ ನೀರು ಗುಳ್ಳೆಗಳನ್ನು ತನ್ನೊಡನೆ ಕೆಳಮುಖವಾಗಿ ಎಳೆದೊಯ್ಯಬೇಕಾದರೆ ಸೆಕೆಂಡಿಗೆ ಸುಮಾರು 0.6 ಮೀಟರ್ ವೇಗವಾದರೂ ಇರಬೇಕು. ಅದಕ್ಕಿಂತ ನಿಧಾನವಾದರೆ ಗುಳ್ಳೆ ತೇಲಿ ಹಿಂದಕ್ಕೆ ಏರಿ ತನ್ನ ಜಾಗದಲ್ಲೇ ಉಳಿಯುತ್ತದೆ.

ಹಿನ್ನೆಲೆ

ಬಿಸಿನೀರಿನ ಸುತ್ತನ್ನು ತಾಪನಕ್ಕೆ ಬಳಸಿದ ಆರಂಭಿಕರಲ್ಲಿ ಫ್ರಾನ್ಸಿನ ಬೊನ್ನೆಮೆಂ ಒಬ್ಬ. 1777ರ ಸುಮಾರಿಗೆ ಅವನು ಕೋಳಿಮೊಟ್ಟೆಗಳಿಗೆ ಕಾವು ಕೊಡಲು ಇದನ್ನು ಹೂಡಿದ. ಹತ್ತೊಂಬತ್ತನೆಯ ಶತಮಾನದ ಮನೆಗಳಲ್ಲಿ ಪಂಪು ಇರಲಿಲ್ಲ. ಬಿಸಿನೀರು ಹಗುರಾಗಿ ತಾನೇ ಮೇಲೇರಿ, ತಣಿದು ತಾನೇ ಇಳಿಯುತ್ತಿತ್ತು. ಆ ಚಾಲನಶಕ್ತಿ ತೀರ ಅಲ್ಪವಾದ್ದರಿಂದ ಪೈಪುಗಳು ದಪ್ಪವಾಗಿರಬೇಕಿತ್ತು, ಗಾಳಿ ತಾನಾಗಿ ಮೇಲಕ್ಕೆ ಹೋಗುವಂತೆ ಒಂದೇ ಓಟದಲ್ಲಿ ಇಳಿಜಾರು ಕೊಡಬೇಕಿತ್ತು. ಅಟ್ಟದಲ್ಲಿ ತೆರೆದ ತೊಟ್ಟಿಯೊಂದಿದ್ದು ಗಾಳಿಯೂ ಉಬ್ಬಿದ ನೀರೂ ಅಲ್ಲಿಗೆ ಹೋಗುತ್ತಿದ್ದವು. 1920ರ ದಶಕದ ಕೊನೆಯಲ್ಲಿ ಜರ್ಮನಿಯ ಡಾರ್ಟ್‌ಮಂಡ್‌ನ ವಿಲ್ಹೆಲ್ಮ್ ಓಪ್ಲೆಂಡರ್ ಪೈಪಿನ ಬಾಗಿನಲ್ಲೇ ಕೂರುವ ವಿದ್ಯುತ್ ಪಂಪನ್ನು ರೂಪಿಸಿದ. ಪಂಪು ಬಂದ ಮೇಲೆ ಪೈಪುಗಳು ಸಣಕಲಾದವು. ಮೇಲೆ ಕೆಳಗೆ ಹೇಗೆಂದರೆ ಹಾಗೆ ತಿರುಗತೊಡಗಿದವು. ಗಾಳಿ ನಿಲ್ಲುವ ಮೂಲೆಗಳೂ ಅಷ್ಟೇ ಹೆಚ್ಚಿದವು. ಹಳೆಯ ಕೆಲಸಗಾರರು ಇಳಿಜಾರಿಗೆ ಕೊಡುತ್ತಿದ್ದ ಎಚ್ಚರ ಇಂದಿನ ಬಹಳಷ್ಟು ಮನೆಗಳಲ್ಲಿ ಕಾಣುವುದಿಲ್ಲ ಎನ್ನುವುದು ನಿಜವಾಗಿಯೂ ನಷ್ಟ.

ಗುರುತುಗಳು

ರೇಡಿಯೇಟರಿನ ಬುಡ ಬಿಸಿ, ತಲೆ ತಣ್ಣಗೆ ಎಂದಾದರೆ ಒಳಗೆ ಗಾಳಿ ಕೂತಿದೆ. ತಲೆ ಬಿಸಿಯಿದ್ದು ಬುಡದ ನಡುಭಾಗ ತಣ್ಣಗಿದ್ದರೆ ಅದು ಗಾಳಿಯಲ್ಲ, ಕೆಳಗೆ ನಿಂತ ಕರಿಗೆಸರು. ಈ ಎರಡನ್ನು ಕೈಯಿಂದಲೇ ಮುಟ್ಟಿ ಬೇರ್ಪಡಿಸಬಹುದು. ಒಂದು ಭಾಗದ ಕೋಣೆಗಳೆಲ್ಲ ಒಟ್ಟಿಗೆ ತಣ್ಣಗಾಗಿ ಉಳಿದವು ಬೆಚ್ಚಗಿದ್ದರೆ ಆ ಸುತ್ತಿನಲ್ಲಿ ಗಾಳಿಕಟ್ಟು ಇರಬಹುದು, ಅಥವಾ ಅದರ ವಾಲ್ವ್ ತೆರೆಯದೆ ಇರಬಹುದು. ಪೈಪಿನೊಳಗೆ ತೊರೆ ಹರಿದಂಥ ಸದ್ದು ಗಾಳಿಯ ಖಚಿತ ಸೂಚನೆ.

ರೇಡಿಯೇಟರಿನಿಂದ ಗಾಳಿ ಬಿಡುವುದು

ಬ್ರಿಟನ್ ಮತ್ತು ಯುರೋಪಿನ ಮನೆಗಳಲ್ಲಿ ಪ್ರತಿ ರೇಡಿಯೇಟರಿನ ಮೇಲ್ತುದಿಯಲ್ಲೂ ಚೌಕತಲೆಯ ಒಂದು ಸಣ್ಣ ತಿರುಪು ಇರುತ್ತದೆ. ಅದಕ್ಕೆ ಹೊಂದುವ ಪುಟ್ಟ ಕೀಲಿ ಯಾವುದೇ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ರಷ್ಯಾದಲ್ಲಿ ಇದೇ ಕೆಲಸದ ನಲ್ಲಿಗೆ ಸೋವಿಯತ್ ಕಾಲದ ತಂತ್ರಜ್ಞ ಮಯೆವ್‌ಸ್ಕಿಯ ಹೆಸರಿದೆ. ಊರಿಗೆಲ್ಲ ಒಂದೇ ಕೇಂದ್ರದಿಂದ ಬಿಸಿನೀರು ಬರುವ ಅಲ್ಲಿನ ಬಹುಮಹಡಿ ಕಟ್ಟಡಗಳಲ್ಲಿ ಶರತ್ಕಾಲದಲ್ಲಿ ತಾಪನ ಶುರುವಾದೊಡನೆ ಮೇಲಂತಸ್ತಿನವರು ಮೊದಲು ಕೈಹಾಕುವುದು ಅದಕ್ಕೇ. ಅಮೆರಿಕದ ಗೋಡೆಬುಡದ ಪೈಪುಗಳಲ್ಲಿ ನಾಣ್ಯದಿಂದ ತಿರುಗಿಸಬಹುದಾದ ಸೀಳುತಲೆಯ ತಿರುಪು ಇರುವುದುಂಟು.

ಮೊದಲು ತಾಪನ ನಿಲ್ಲಿಸಿ ನೀರು ತಣಿಯಲು ಬಿಡಬೇಕು. ಇದಕ್ಕೆ ಎರಡು ಕಾರಣ. 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಆಳವಾಗಿ ಸುಡುತ್ತದೆ. ಸುತ್ತಿನ ನೀರು ಅದಕ್ಕಿಂತಲೂ ಬಿಸಿಯಿರಬಹುದು. ಎರಡನೆಯದಾಗಿ, ಪಂಪು ಓಡುತ್ತಿದ್ದರೆ ಗಾಳಿ ಒಂದೆಡೆ ನಿಲ್ಲದೆ ಸುತ್ತುತ್ತಿರುತ್ತದೆ. ಕೆಲವು ಜಾಗಗಳಲ್ಲಿ ತೆರೆದ ತಿರುಪಿನಿಂದ ಹೊರಗಿನ ಗಾಳಿಯನ್ನೇ ಒಳಕ್ಕೆ ಹೀರಲೂಬಹುದು. ಕೆಳಗಿನ ಅಂತಸ್ತಿನಿಂದ ಆರಂಭಿಸಿ ಮೇಲಕ್ಕೆ ಹೋಗುವುದು ವಾಡಿಕೆ. ತಿರುಪಿನ ಕೆಳಗೆ ಬಟ್ಟೆ ಹಿಡಿದು ಎಡಕ್ಕೆ ಕಾಲು ಸುತ್ತು ಬಿಡಿಸಿದರೆ ಸಾಕು, ಉಸ್ಸೆಂದು ಗಾಳಿ ಹೊರಡುತ್ತದೆ. ತಿರುಪನ್ನು ಪೂರ್ತಿ ಕಳಚಬಾರದು: ಒಳಗಿನ ಒತ್ತಡಕ್ಕೆ ಅದು ಸಿಡಿದು ಹೋದರೆ ಕಪ್ಪು ನೀರು ಕೋಣೆಯ ತುಂಬ ಚಿಮ್ಮುತ್ತದೆ. ಗಾಳಿ ಮುಗಿದು ಸಮವಾಗಿ ನೀರು ಬರತೊಡಗಿದಾಗ ಮೆಲ್ಲಗೆ ಬಿಗಿಯಬೇಕು.

ಹೋದ ಗಾಳಿಯ ಜಾಗಕ್ಕೆ ನೀರು ಬೇಕು, ಆದ್ದರಿಂದ ಒತ್ತಡ ಇಳಿದಿರುತ್ತದೆ. ಮುಚ್ಚಿದ ವ್ಯವಸ್ಥೆಯಲ್ಲಿ ತಣ್ಣಗಿರುವಾಗ ಗೇಜು 1ರಿಂದ 1.5 ಬಾರ್ ತೋರಿಸಬೇಕು. ಒತ್ತಡ ತೀರ ಕಡಿಮೆಯಾದರೆ ಈಗಿನ ಬಾಯ್ಲರುಗಳು ತಾವಾಗಿಯೇ ನಿಂತುಬಿಡುತ್ತವೆ. ಬ್ರಿಟನ್ನಿನಲ್ಲಿ ನೀರು ತುಂಬಲು ಎರಡು ವಾಲ್ವ್‌ಗಳ ನಡುವೆ ಹೆಣೆದ ಉಕ್ಕಿನ ಒಂದು ಮೆದು ಪೈಪು ಇರುತ್ತದೆ. ತುಂಬಿದ ಮೇಲೆ ಅದನ್ನು ಕಳಚಿಡಬೇಕೆಂಬುದು ಅಲ್ಲಿನ 1999ರ ನೀರು ಸರಬರಾಜು ನಿಯಮಗಳ ಆಶಯ. ತಾಪನ ಸುತ್ತಿನ ಕೊಳೆನೀರು ಕುಡಿಯುವ ನೀರಿಗೆ ಹಿಮ್ಮುಖವಾಗಿ ಸೇರದಿರಲೆಂದು ಈ ಎಚ್ಚರ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಹಳೆಯ ವ್ಯವಸ್ಥೆಯಿಂದ ಹೊರಡುವ ಅನಿಲ ಯಾವಾಗಲೂ ಗಾಳಿಯಲ್ಲ. ಕಬ್ಬಿಣವೂ ನೀರೂ ವರ್ತಿಸಿ ಕಪ್ಪು ಮ್ಯಾಗ್ನೆಟೈಟ್ ಆಗುವಾಗ ಜಲಜನಕ ಬಿಡುಗಡೆಯಾಗುತ್ತದೆ, ಅದು ಹೊತ್ತಿಕೊಳ್ಳುವ ಅನಿಲ. ತಿರುಪು ಬಿಡಿಸುವಾಗ ಬಳಿಯಲ್ಲಿ ದೀಪ, ಬೆಂಕಿಕಡ್ಡಿ, ಸಿಗರೇಟು ಇರಕೂಡದು.

ರಭಸದ ನೀರಿನಿಂದ ತಳ್ಳುವುದು

ಅಮೆರಿಕದ ಮನೆಗಳಲ್ಲಿ ಮನೆಯನ್ನು ಎರಡು ಮೂರು ವಲಯಗಳಾಗಿ ಹಂಚಿ ಪ್ರತಿಯೊಂದಕ್ಕೂ ಉದ್ದನೆಯ ಪ್ರತ್ಯೇಕ ಸುತ್ತು ಹಾಕಿರುತ್ತಾರೆ. ಗೋಡೆಬುಡದ ಪೈಪುಗಳಿಗೆ ಅನೇಕ ಕಡೆ ಗಾಳಿ ತಿರುಪೇ ಇರುವುದಿಲ್ಲ. ಅಲ್ಲಿ ಗಾಳಿಯನ್ನು ಬಿಡುವುದಲ್ಲ, ನೀರಿನ ರಭಸದಿಂದ ತಳ್ಳಿ ಹೊರಹಾಕುವುದು ದಾರಿ. ಕೊರಿಯಾದ ಒಂಡೋಲ್ ನೆಲತಾಪನದಲ್ಲೂ ಅಡುಗೆಮನೆಯ ಸಿಂಕಿನಡಿ ಅಥವಾ ಗೋಡೆಯ ಮೂಲೆಯಲ್ಲಿರುವ ಹಂಚಿಕೆ ಕೊಳವೆಯ ಬಳಿ ಒಂದೊಂದೇ ಸುರುಳಿಯನ್ನು ತೆರೆದು ಇದನ್ನೇ ಮಾಡುತ್ತಾರೆ.

ಬಾಯ್ಲರಿಗೆ ಮರಳುವ ಪೈಪಿನಲ್ಲಿ ಒಂದು ಅಡ್ಡ ವಾಲ್ವ್, ಅದಕ್ಕೆ ಮುಂಚೆ ನೀರು ಹೊರಬಿಡುವ ಒಂದು ನಲ್ಲಿ: ಈ ಜೋಡಿಯೇ ಇಡೀ ಕೆಲಸದ ಕೇಂದ್ರ. ವಿದ್ಯುತ್ ಮತ್ತು ಉರಿ ನಿಲ್ಲಿಸಿ ಬಾಯ್ಲರು ತಣಿದ ಮೇಲೆ ಅಡ್ಡ ವಾಲ್ವ್ ಮುಚ್ಚಿ, ನಲ್ಲಿಗೆ ತೋಟದ ಹೋಸ್ ಜೋಡಿಸಿ ಅದರ ತುದಿಯನ್ನು ಬಕೆಟಿನ ನೀರಿನಲ್ಲಿ ಮುಳುಗಿಸಬೇಕು. ಒಂದು ವಲಯದ ವಾಲ್ವನ್ನು ಮಾತ್ರ ತೆರೆದಿಟ್ಟು ಉಳಿದವನ್ನು ಮುಚ್ಚಬೇಕು. ಆಮೇಲೆ ನಲ್ಲಿ ತೆರೆದು, ಬಾಯ್ಲರಿಗೆ ನೀರು ಕೊಡುವ ಫೀಡ್ ವಾಲ್ವಿನ ಹಿಡಿಯನ್ನು ಮೇಲೆತ್ತಿದರೆ ನಗರದ ನೀರು ಪೂರ್ಣ ರಭಸದಿಂದ ಒಳನುಗ್ಗುತ್ತದೆ. ಹತ್ತಿರದ ದಾರಿ ಮುಚ್ಚಿರುವುದರಿಂದ ಅದು ಇಡೀ ವಲಯವನ್ನು ಸುತ್ತಿಯೇ ಹೊರಬರಬೇಕು. ಬಕೆಟಿನಲ್ಲಿ ಮೊದಲು ಗುಳ್ಳೆಗಳ ಹೊಳೆ, ನಂತರ ಆಗೀಗ ಒಂದು ಉಗುಳು, ಕೊನೆಗೆ ಸ್ವಚ್ಛ ಧಾರೆ. ಸ್ವಚ್ಛವಾದ ಮೇಲೂ ಒಂದೆರಡು ನಿಮಿಷ ಓಡಿಸುವುದು ಜಾಣತನ, ಯಾಕೆಂದರೆ ದೂರದ ಬಾಗಿನಲ್ಲಿ ಸಿಕ್ಕಿದ್ದ ಗುಳ್ಳೆ ತಡವಾಗಿ ಬರುತ್ತದೆ. ಮುಕ್ಕಾಲು ಇಂಚಿನ ತಾಮ್ರದ ಪೈಪಿನಲ್ಲಿ ಮೇಲೆ ಹೇಳಿದ 0.6 ಮೀಟರ್ ವೇಗ ಬರಬೇಕಾದರೆ ನಿಮಿಷಕ್ಕೆ ಸುಮಾರು 12 ಲೀಟರ್ ನೀರು ಹೊರಬರಬೇಕು. ಹತ್ತು ಲೀಟರಿನ ಬಕೆಟ್ ಒಂದು ನಿಮಿಷದೊಳಗೆ ತುಂಬದಿದ್ದರೆ ಗಾಳಿ ಪೂರ್ತಿ ಹೊರಟಿತೆಂದು ನಂಬುವಂತಿಲ್ಲ.

ಇಡೀ ಹೊತ್ತು ಗೇಜಿನ ಮೇಲೆ ಕಣ್ಣಿರಬೇಕು. ಮನೆಯ ಬಾಯ್ಲರುಗಳ ಸುರಕ್ಷಾ ವಾಲ್ವ್ ಅಮೆರಿಕದಲ್ಲಿ 30 ಪಿಎಸ್‌ಐಗೆ, ಯುರೋಪಿನಲ್ಲಿ 3 ಬಾರ್‌ಗೆ ತೆರೆಯುತ್ತದೆ. 25 ಪಿಎಸ್‌ಐ ದಾಟದಂತೆ ಹಿಡಿಯನ್ನು ಏರಿಳಿಸುತ್ತಿರಬೇಕು. ವಲಯಗಳೆಲ್ಲ ಮುಗಿದ ಮೇಲೆ ನಲ್ಲಿ ಮುಚ್ಚಿ, ಒತ್ತಡವನ್ನು 12 ಪಿಎಸ್‌ಐಗೆ ನಿಲ್ಲಿಸಿ, ಅಡ್ಡ ವಾಲ್ವ್ ತೆರೆದು, ಬಾಯ್ಲರು ಹೊತ್ತಿಸಬಹುದು. ಕೆಂಪಗೆ ಕಾದ ಎರಕದ ಕಬ್ಬಿಣದ ಬಾಯ್ಲರಿಗೆ ತಣ್ಣೀರು ಬಿಟ್ಟರೆ ಅದು ಸೀಳಿಬಿಡಬಹುದು. ಅವಸರಕ್ಕೆ ತೆರಬೇಕಾದ ಬೆಲೆ ಒಂದು ಹೊಸ ಬಾಯ್ಲರು.

ಹೆಪ್ಪುಗಟ್ಟದಿರಲೆಂದು ಪ್ರೊಪಿಲೀನ್ ಗ್ಲೈಕಾಲ್ ಬೆರೆಸಿದ ಸುತ್ತುಗಳಿಗೆ ಈ ವಿಧಾನ ಒಗ್ಗುವುದಿಲ್ಲ; ನಗರದ ನೀರು ಹರಿಸಿದರೆ ಮಿಶ್ರಣವೆಲ್ಲ ಚರಂಡಿಗೆ ಹೋಗುತ್ತದೆ. ತೊಟ್ಟಿ ಮತ್ತು ಬಲವಾದ ಪಂಪಿರುವ ಗಾಡಿಯೊಂದನ್ನು ಜೋಡಿಸಿ ಅದೇ ಮಿಶ್ರಣವನ್ನು ಸುತ್ತಿಸಿ ಗಾಳಿ ತೆಗೆಯುತ್ತಾರೆ.

ತಾನಾಗಿ ಗಾಳಿ ಬಿಡುವ ಸಾಧನಗಳು

ಎತ್ತರದ ಜಾಗಗಳಲ್ಲಿ ಕೂರಿಸುವ ಹಿತ್ತಾಳೆಯ ಸಣ್ಣ ಡಬ್ಬಿಯೊಳಗೆ ತೇಲುಬುರುಡೆ ಇರುತ್ತದೆ. ಗಾಳಿ ಸೇರಿ ನೀರಿನ ಮಟ್ಟ ಇಳಿದಾಗ ಬುರುಡೆಯೂ ಇಳಿದು ತೂತನ್ನು ತೆರೆಯುತ್ತದೆ. ನೀರು ಏರಿದರೆ ಮುಚ್ಚುತ್ತದೆ. ಮೇಲಿನ ಮುಚ್ಚಳ ಸ್ವಲ್ಪ ಸಡಿಲವಿದ್ದರೆ ಮಾತ್ರ ಇದು ಕೆಲಸ ಮಾಡುತ್ತದೆ. ಆದರೆ ಸೂಕ್ಷ್ಮ ಗುಳ್ಳೆಗಳು ಇದಕ್ಕೆ ಸಿಗವು, ಅವು ನೀರಿನೊಡನೆ ದಾಟಿ ಹೋಗುತ್ತವೆ. ಅವುಗಳಿಗಾಗಿ ಒಳಗೆ ತಂತಿಬಲೆ ತುಂಬಿದ ವಿಭಾಜಕಗಳಿವೆ. ನೆದರ್ಲೆಂಡ್ಸ್‌ನ ಸ್ಪೈರೋಟೆಕ್ ಕಂಪನಿಯ ಸಾಧನ ಇವುಗಳಲ್ಲಿ ಪ್ರಸಿದ್ಧ. ನೀರು ಬಲೆಯೊಳಗೆ ನಿಧಾನವಾದಾಗ ಗುಳ್ಳೆಗಳು ತಂತಿಗೆ ಅಂಟಿ, ಬೆಳೆದು, ಮೇಲೆ ತೇಲಿ ಹೊರಟುಹೋಗುತ್ತವೆ. ಇದನ್ನು ಬಾಯ್ಲರಿನಿಂದ ನೀರು ಹೊರಡುವ ಪೈಪಿನಲ್ಲಿ, ಪಂಪಿಗೆ ಮೊದಲು ಇಡಬೇಕು. ನೀರು ಅತಿ ಬಿಸಿಯೂ ಒತ್ತಡ ಕಡಿಮೆಯೂ ಇರುವ ಆ ಜಾಗದಲ್ಲೇ ಗಾಳಿ ನೀರಿನಿಂದ ಹೆಚ್ಚು ಬಿಡಿಸಿಕೊಳ್ಳುತ್ತದೆ. ಒಮ್ಮೆ ಹೀಗೆ ಗಾಳಿ ಕಳೆದುಕೊಂಡ ನೀರು ತಣಿದಾಗ ಹಸಿದಿರುತ್ತದೆ. ಮೂಲೆಗಳಲ್ಲಿ ನಿಂತಿದ್ದ ಗಾಳಿಯನ್ನೂ ಕರಗಿಸಿಕೊಂಡು ವಿಭಾಜಕಕ್ಕೆ ತಂದೊಪ್ಪಿಸುತ್ತದೆ.

ಅಮೆರಿಕದ ಹಳೆಯ ನೆಲಮಾಳಿಗೆಗಳಲ್ಲಿ ಮಾತ್ರ ಲೆಕ್ಕ ತಿರುಗುಮುರುಗು. ಕಾದು ಉಬ್ಬುವ ನೀರಿಗೆ ಜಾಗ ಕೊಡುವ ಈಗಿನ ವಿಸ್ತರಣಾ ತೊಟ್ಟಿಗಳಲ್ಲಿರುವಂಥ ರಬ್ಬರ್ ಪರದೆ ಅಲ್ಲಿ ಸೂರಿಗೆ ತೂಗುಬಿಟ್ಟ ಉಕ್ಕಿನ ಪೀಪಾಯಿಯಲ್ಲಿ ಇಲ್ಲ. ನೀರಿನ ಮೇಲೆ ನೇರವಾಗಿ ಗಾಳಿಯ ದಿಂಬು ಕೂತಿರುತ್ತದೆ, ನೀರು ಉಬ್ಬಿದಾಗ ಅದೇ ಜಾಗ ಕೊಡುವುದು. ಬಾಯ್ಲರಿನಲ್ಲಿ ಬಿಡುಗಡೆಯಾದ ಗಾಳಿ ಆ ಪೀಪಾಯಿಗೇ ಮರಳಬೇಕು. ಇದನ್ನರಿಯದೆ ತಾನಾಗಿ ಗಾಳಿ ಬಿಡುವ ವಾಲ್ವ್ ಹಾಕಿದರೆ ಪೀಪಾಯಿಯ ಗಾಳಿ ಕ್ರಮೇಣ ಸೋರಿಹೋಗಿ, ಅದು ನೀರಿನಿಂದ ತುಂಬಿ, ಸುರಕ್ಷಾ ವಾಲ್ವ್ ತೊಟ್ಟಿಕ್ಕತೊಡಗುತ್ತದೆ. ಹಬೆಯಿಂದ ಕಾಯುವ ರೇಡಿಯೇಟರುಗಳೂ ಬೇರೆಯೇ ಜಾತಿ. ಅವು ಪ್ರತಿ ಸಲ ಕಾಯುವಾಗಲೂ ಗಾಳಿ ಬಿಡಬೇಕಾದವು. ಈ ಲೇಖನದ ವಿಧಾನಗಳನ್ನು ಅವಕ್ಕೆ ಅನ್ವಯಿಸಬಾರದು.

ಮರಳಿ ಬರುವ ಗಾಳಿ

ಮನೆಯ ಎತ್ತರಕ್ಕೆ ತಕ್ಕ ಒತ್ತಡ ಇಲ್ಲದಿದ್ದರೆ ಗಾಳಿ ಎಂದಿಗೂ ಹೋಗದು. ಹತ್ತು ಮೀಟರ್ ನೀರು ಸುಮಾರು ಒಂದು ಬಾರ್ ಒತ್ತಡ ಬೇಡುತ್ತದೆ. ನೆಲಮಾಳಿಗೆಯ 12 ಪಿಎಸ್‌ಐ ನೀರನ್ನು ಎಂಟು ಮೀಟರಿಗೆ ತುಸು ಮೇಲೆ ಮಾತ್ರ ಏರಿಸಬಲ್ಲದು. ಎರಡಂತಸ್ತಿಗೆ ಇದು ಸಾಕು, ಮೂರನೆಯದಕ್ಕೆ ಸಾಲದು. ತುದಿಯ ರೇಡಿಯೇಟರಿನಲ್ಲೂ 0.3 ಬಾರ್‌ನಷ್ಟು ಒತ್ತಡ ಉಳಿಯುವಂತೆ ತುಂಬುವುದು ರೂಢಿ. ಇಲ್ಲವಾದರೆ ಪಂಪು ಓಡುವಾಗ ಮೇಲ್ಭಾಗದ ಒತ್ತಡ ಹೊರಗಿನ ವಾಯುಭಾರಕ್ಕಿಂತ ಕಡಿಮೆಯಾಗಿ, ಗಾಳಿ ಬಿಡಬೇಕಾದ ವಾಲ್ವೇ ಗಾಳಿ ಹೀರುತ್ತದೆ.

ಪಂಪು ಎಲ್ಲಿದೆ ಎನ್ನುವುದೂ ಇದಕ್ಕೇ ಸೇರಿದ ಪ್ರಶ್ನೆ. ವಿಸ್ತರಣಾ ತೊಟ್ಟಿ ಕೂಡುವ ಜಾಗದಲ್ಲಿ ಪಂಪು ಓಡಿದರೂ ನಿಂತರೂ ಒತ್ತಡ ಬದಲಾಗುವುದಿಲ್ಲ. ಬೆಲ್ ಅಂಡ್ ಗಾಸೆಟ್ ಕಂಪನಿಯ ಎಂಜಿನಿಯರ್ ಗಿಲ್ ಕಾರ್ಲ್‌ಸನ್ 1960ರ ದಶಕದಲ್ಲಿ ಇದನ್ನು ಸ್ಪಷ್ಟವಾಗಿ ವಿವರಿಸಿದ. ಡ್ಯಾನ್ ಹೊಲೊಹಾನ್ ತನ್ನ ಪುಸ್ತಕಗಳಿಂದ ಅದನ್ನು ಸಾಮಾನ್ಯ ಪ್ಲಂಬರ್‌ಗಳವರೆಗೆ ಮುಟ್ಟಿಸಿದ. ಪಂಪು ತೊಟ್ಟಿಯಿಂದ ಆಚೆಗೆ ನೀರು ದೂಡುವಂತಿದ್ದರೆ ಅದರ ಬಲವೆಲ್ಲ ಸುತ್ತಿನ ಒತ್ತಡಕ್ಕೆ ಕೂಡುತ್ತದೆ, ಗುಳ್ಳೆಗಳು ಕುಗ್ಗಿ ಕರಗುತ್ತವೆ. ತೊಟ್ಟಿಯ ಕಡೆಗೆ ದೂಡುವಂತಿದ್ದರೆ ಅದೇ ಬಲ ಒತ್ತಡದಿಂದ ಕಳೆದುಹೋಗುತ್ತದೆ. ವರ್ಷಗಳ ಕಾಲ ಗಾಳಿ ಕಾಟ ಕೊಟ್ಟ ಮನೆಗಳು ಪಂಪಿನ ಜಾಗ ಬದಲಿಸಿದ್ದರಿಂದಲೇ ನೆಟ್ಟಗಾದದ್ದುಂಟು. ಅಟ್ಟದ ತೆರೆದ ತೊಟ್ಟಿಯಿರುವ ಹಳೆಯ ಬ್ರಿಟಿಷ್ ಮನೆಗಳಲ್ಲಿ ತಪ್ಪು ಜಾಗದ ಪಂಪು ಬಿಸಿನೀರನ್ನು ಗಾಳಿಕೊಳವೆಯ ಬಾಯಿಂದ ತೊಟ್ಟಿಗೆ ಸುರಿಯುತ್ತಾ ಪ್ರತಿ ಕ್ಷಣವೂ ಹೊಸ ಆಮ್ಲಜನಕ ಬೆರೆಸುತ್ತಿರುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ಸದ್ದಿಲ್ಲದೆ ಸೇರುವ ಹೊಸ ನೀರು. 20 ಡಿಗ್ರಿಯ ನೀರಿನ ಒಂದು ಲೀಟರಿನಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. ನೂರು ಲೀಟರ್ ಒಮ್ಮೆ ತುಂಬಿದರೆ ಅದು ತಿನ್ನುವ ಕಬ್ಬಿಣ ಎರಡು ಗ್ರಾಂ ಚಿಲ್ಲರೆ ಮಾತ್ರ. ಆಮೇಲೆ ಆಮ್ಲಜನಕ ಮುಗಿದು, ನಿರುಪದ್ರವಿ ಸಾರಜನಕ ಉಳಿದು, ತುಕ್ಕು ಬಹುಮಟ್ಟಿಗೆ ನಿಲ್ಲುತ್ತದೆ. ಹಳೆಯ ನೀರು ಕಪ್ಪಾಗಿ ನಾರುತ್ತಿದ್ದರೂ ಕಬ್ಬಿಣಕ್ಕೆ ಹೊಸ ನೀರಿಗಿಂತ ಹಿತ. ಆದರೆ ಎಲ್ಲೋ ಒಂದು ಕೀಲು ಸೋರುತ್ತಿದ್ದು, ಒತ್ತಡ ಇಳಿದಾಗಲೆಲ್ಲ ಫೀಡ್ ವಾಲ್ವ್ ತಾನೇ ನೀರು ತುಂಬುತ್ತಿದ್ದರೆ, ತುಕ್ಕಿಗೆ ಊಟ ದಿನವೂ ಬಡಿಸಿದಂತೆಯೇ. ಬಿಸಿ ಪೈಪಿನ ಮೇಲೆ ಬಿದ್ದ ಹನಿ ಆವಿಯಾಗಿ ಹೋಗುವುದರಿಂದ ಸೋರಿಕೆ ಕಣ್ಣಿಗೂ ಬೀಳುವುದಿಲ್ಲ. ಕೀಲಿನ ಬಳಿ ಬಿಳಿಯ ಅಥವಾ ಹಸಿರು ಕರೆ ಮಾತ್ರ ಉಳಿದಿರುತ್ತದೆ. ವ್ಯವಸ್ಥೆ ತುಂಬಿದ ಮೇಲೆ ಫೀಡ್ ವಾಲ್ವ್‌ಗೆ ನೀರು ಬರುವುದನ್ನು ನಿಲ್ಲಿಸಿ ಕೆಲವು ದಿನ ಗೇಜು ಗಮನಿಸಿದರೆ ಗುಟ್ಟು ಬಯಲಾಗುತ್ತದೆ. ಒತ್ತಡ ನಿಂತಲ್ಲೇ ನಿಂತರೆ ಸೋರಿಕೆ ಇಲ್ಲ.

ವಿಸ್ತರಣಾ ತೊಟ್ಟಿಯ ರಬ್ಬರ್ ಪರದೆ ಹರಿದರೂ ಪರಿಣಾಮ ಇದೇ. 10ರಿಂದ 80 ಡಿಗ್ರಿಗೆ ಕಾಯುವಾಗ ನೀರು ಶೇ. 3ರಷ್ಟು ಹಿಗ್ಗುತ್ತದೆ. ಆ ಹಿಗ್ಗಿಗೆ ಜಾಗ ಸಿಗದೆ ಸುರಕ್ಷಾ ವಾಲ್ವಿನಿಂದ ನೀರು ಚೆಲ್ಲುತ್ತದೆ, ತಣಿದಾಗ ಅಷ್ಟೇ ಹೊಸ ನೀರು ಒಳಬರುತ್ತದೆ. ಕಾದಾಗ ಗೇಜು ಜಿಗಿದು ತಣಿದಾಗ ಕುಸಿಯುವುದು ಇದರ ಲಕ್ಷಣ. ನೆಲದಡಿಯ ಪ್ಲಾಸ್ಟಿಕ್ ಪೈಪುಗಳದು ಇನ್ನೊಂದು ಕಥೆ: ತಡೆಪದರವಿಲ್ಲದ ಪೈಪಿನ ಗೋಡೆಯ ಮೂಲಕವೇ ಆಮ್ಲಜನಕ ಒಳನುಸುಳುತ್ತದೆ. ಅದಕ್ಕಾಗಿ ಜರ್ಮನಿ ಡಿಐಎನ್ 4726 ಮಾನಕದಲ್ಲಿ ಮಿತಿ ನಿಗದಿಪಡಿಸಿದೆ. ಹಳೆಯ, ಪದರವಿಲ್ಲದ ಪೈಪಿರುವ ಮನೆಯಲ್ಲಿ ಎಷ್ಟು ಗಾಳಿ ಬಿಟ್ಟರೂ ಪ್ರಯೋಜನವಿಲ್ಲ. ಶಾಖ ವಿನಿಮಯಕವೊಂದನ್ನು ನಡುವೆ ಹಾಕಿ ನೆಲದ ನೀರನ್ನು ಬಾಯ್ಲರಿನ ನೀರಿನಿಂದ ಬೇರ್ಪಡಿಸುವುದೇ ಪರಿಹಾರ.

ಸೋರಿಕೆ ಇಲ್ಲ, ಒತ್ತಡ ಸರಿಯಿದೆ, ಆದರೂ ಒಂದೇ ರೇಡಿಯೇಟರಿನಲ್ಲಿ ವಾರವಾರ ಅನಿಲ ಸೇರುತ್ತಿದೆ ಎಂದರೆ ಅದು ಬಹುಪಾಲು ಜಲಜನಕ, ಒಳಗೆ ತುಕ್ಕು ಜೀವಂತವಾಗಿದೆ. ಆಗ ಬೇಕಾದದ್ದು ಕೀಲಿಯಲ್ಲ. ಸುತ್ತನ್ನು ತೊಳೆದು, ತುಕ್ಕು ತಡೆಯುವ ರಾಸಾಯನಿಕ ಬೆರೆಸಿ, ಮ್ಯಾಗ್ನೆಟೈಟ್ ಹಿಡಿಯುವ ಅಯಸ್ಕಾಂತದ ಸೋಸುಗವನ್ನು ಮರಳುವ ಪೈಪಿನಲ್ಲಿ ಹಾಕಿಸಬೇಕು. ಬಾಯ್ಲರಿನ ಹೊದಿಕೆ ತೆಗೆದು ಅನಿಲ ಅಥವಾ ಉರಿಯ ಭಾಗಕ್ಕೆ ಕೈಹಾಕುವ ಕೆಲಸ ಮಾತ್ರ ಪರವಾನಗಿ ಪಡೆದವರದು. ಬ್ರಿಟನ್ನಿನಲ್ಲಿ ಗ್ಯಾಸ್ ಸೇಫ್ ನೋಂದಣಿ ಇಲ್ಲದವರು ಅದನ್ನು ಮಾಡುವಂತಿಲ್ಲ.

ಕರ್ನಾಟಕದ ಸೌರ ಹೀಟರುಗಳು

ಕರ್ನಾಟಕದ ಮನೆಗಳಿಗೆ ಬಾಯ್ಲರ್ ತಾಪನ ಬೇಕಾಗಿಲ್ಲ. ಆದರೆ ಬೆಂಗಳೂರು, ಮೈಸೂರುಗಳ ತಾರಸಿಗಳ ಮೇಲಿನ ಸೌರ ವಾಟರ್ ಹೀಟರುಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಪಂಪಿಲ್ಲದ ಸುತ್ತೇ ಇಂದಿಗೂ ಕೆಲಸ ಮಾಡುತ್ತಿದೆ: ಕಾದ ನೀರು ತಾನೇ ಟ್ಯಾಂಕಿಗೆ ಏರುತ್ತದೆ, ತಣ್ಣೀರು ತಾನೇ ಇಳಿಯುತ್ತದೆ. ಬಿಸಿ ಟ್ಯಾಂಕಿನ ಮೇಲೆ ನಿಂತಿರುವ ಗಾಳಿಪೈಪಿನ ತೆರೆದ ಬಾಯಿ ತಣ್ಣೀರ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಎತ್ತರವಿರಬೇಕು. ತಗ್ಗಿದ್ದರೆ ನೀರು ಚೆಲ್ಲುತ್ತದೆ, ಮುಚ್ಚಿದ್ದರೆ ಕರಗಿದ ಗಾಳಿ ಹೊರಹೋಗಲು ದಾರಿಯಿಲ್ಲದೆ ಬಿಸಿನೀರ ಪೈಪಿನಲ್ಲಿ ಏರ್‌ಲಾಕ್ ಆಗುತ್ತದೆ. ತಾರಸಿಯ ಮೇಲೆ ಬಿಸಿನೀರ ಪೈಪನ್ನು ಕಮಾನಿನಂತೆ ಎತ್ತಿ ಇಳಿಸಿದ್ದರೂ ಆ ನೆತ್ತಿಯಲ್ಲಿ ಗಾಳಿ ಕೂರುತ್ತದೆ. ಬಚ್ಚಲಿನ ಮಿಕ್ಸರ್ ನಲ್ಲಿಯ ಬಿಸಿ, ತಣ್ಣೀರು ಎರಡನ್ನೂ ತೆರೆದು ಬಾಯಿಗೆ ಅಂಗೈ ಒತ್ತಿ ಹಿಡಿದರೆ, ಎತ್ತರದ ಟ್ಯಾಂಕಿನ ತಣ್ಣೀರು ಬಿಸಿನೀರ ಪೈಪಿಗೆ ಹಿಮ್ಮುಖವಾಗಿ ನುಗ್ಗಿ ಗಾಳಿಯನ್ನು ಗಾಳಿಪೈಪಿನ ಕಡೆಗೆ ತಳ್ಳುತ್ತದೆ. ಪ್ಲಂಬರ್‌ಗಳು ಮಾಡುವುದೂ ಇದನ್ನೇ. ಪೈಪಿನಲ್ಲಿ ಹಿಮ್ಮುಖ ಹರಿವು ತಡೆಯುವ ವಾಲ್ವ್ ಇದ್ದರೆ ಈ ಉಪಾಯ ನಡೆಯದು. ಆಗ ಕಮಾನಿನ ನೆತ್ತಿಯಲ್ಲಿ ಒಂದು ಗಾಳಿಪೈಪು ಹಾಕಿಸಬೇಕಾಗುತ್ತದೆ.